ಮೈಸೂರಿಗೆ ಇಬ್ಬರೇ ಹೊರಟಿದ್ದೀರಾ? ರೂಮು ಹುಡುಕುವುದು ಹೀಗೆ

ಇಬ್ಬರೇ ಮೈಸೂರಿಗೆ ಹೋಗಿ ಎರಡು ರಾತ್ರಿ ಆರಾಮಾಗಿ ಇದ್ದು ಬರೋಣ ಅಂದುಕೊಂಡವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಆ್ಯಪ್ ತೆರೆದು, ಅರಮನೆಗೆ ಹತ್ತಿರ ಅಂತ ಫಿಲ್ಟರ್ ಹಾಕಿ, ರೇಟಿಂಗ್ ನಾಲ್ಕರ ಮೇಲಿರುವುದರಲ್ಲಿ ಕಡಿಮೆ ರೇಟಿನದನ್ನು ಬುಕ್ ಮಾಡಿಬಿಡುತ್ತಾರೆ. ಇಲ್ಲಿ ಎರಡು ತೊಂದರೆ ಇವೆ. ಅರಮನೆಗೆ ಹತ್ತಿರ ಅಂದರೆ ಮಾರ್ಕೆಟ್ಟಿಗೆ, ಬಸ್ ಸ್ಟ್ಯಾಂಡಿಗೆ, ಊರಿನ ಅಷ್ಟೂ ಹಾರ್ನ್‌ಗಳಿಗೆ ಹತ್ತಿರ. ಇನ್ನೊಂದು, ರೇಟಿಂಗ್ ಕೊಟ್ಟಿರುವುದು ಇಡೀ ಹೋಟೆಲಿಗೆ. ನೀವು ಮಲಗುವುದು ಒಂದು ರೂಮಿನಲ್ಲಿ. ಒಂದೇ ಹೋಟೆಲಿನಲ್ಲಿ ರಸ್ತೆ ಕಡೆಯ ಮೊದಲ ಮಹಡಿಯ ರೂಮು, ಹಿಂದುಗಡೆಯ ಮೂರನೇ ಮಹಡಿಯ ರೂಮು ಎರಡಕ್ಕೂ ಅಜಗಜಾಂತರ ಇರುತ್ತದೆ. ಬಾಡಿಗೆ ಮಾತ್ರ ಒಂದೇ.

ಅದಕ್ಕೇ ನಾನು ಮೊದಲು ನೋಡುವುದು ಏರಿಯಾ, ಆಮೇಲೆ ರೂಮು. ಹೋಟೆಲಿನ ಹೆಸರು ಕೊನೆಗೆ.

ಅದಕ್ಕೂ ಮುಂಚೆ ಮನೆಯಲ್ಲೇ ಒಂದು ಮಾತು ಆಡಿಕೊಳ್ಳಿ. ಒಬ್ಬರಿಗೆ ಬೆಳಗ್ಗೆ ಐದೂವರೆಗೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಆಸೆ, ಇನ್ನೊಬ್ಬರಿಗೆ ಒಂಬತ್ತರ ತನಕ ಹೊದ್ದು ಮಲಗುವ ಆಸೆ. ಇಬ್ಬರದ್ದೂ ತಪ್ಪಲ್ಲ. ಆದರೆ ರೂಮಿನ ವಿಷಯದಲ್ಲಿ ಯಾರಿಗೆ ಸಣ್ಣ ಸದ್ದಿಗೂ ಎಚ್ಚರ ಆಗುತ್ತದೋ ಅವರ ಮಾತೇ ನಡೆಯಲಿ. ಗಡದ್ದಾಗಿ ನಿದ್ದೆ ಹೊಡೆಯುವವರು ಎಲ್ಲಿ ಬೇಕಾದರೂ ಮಲಗುತ್ತಾರೆ, ಅವರನ್ನು ಕೇಳಿ ಪ್ರಯೋಜನ ಇಲ್ಲ.

ಈಗ ಏರಿಯಾ. ರೈಲಿನಲ್ಲಿ ಬರುವವರಿಗೆ, ಅದರಲ್ಲೂ ಒಂದೇ ರಾತ್ರಿ ಇರುವವರಿಗೆ, ಸ್ಟೇಷನ್ ಸುತ್ತಮುತ್ತಲೇ ಅನುಕೂಲ. ಜೆಎಲ್‌ಬಿ ರಸ್ತೆ, ಧನ್ವಂತರಿ ರಸ್ತೆ, ವಿನೋಬಾ ರಸ್ತೆ ಇವೆಲ್ಲ ಅಲ್ಲೇ ಇವೆ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ಹೊಯ್ಸಳ ಜೆಎಲ್‌ಬಿ ರಸ್ತೆಯಲ್ಲಿದೆ. 1920ರಲ್ಲಿ ಮಹಾರಾಜರು ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿಸಿದ ಮೆಟ್ರೊಪೋಲ್ ಹೋಟೆಲ್ ಕೂಡ ಅದೇ ಕಡೆ. ಅಲ್ಲಿಂದ ಅರಮನೆ ಎರಡು ಕಿಲೋಮೀಟರ್ ಆಸುಪಾಸು. ಸಂಜೆ ದೇವರಾಜ ಅರಸ್ ರಸ್ತೆಯಲ್ಲಿ ಅಂಗಡಿ ನೋಡುತ್ತಾ ನಡೆದೇ ಹೋಗಿಬರಬಹುದು.

ಗಾಂಧಿ ಚೌಕ, ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರ್ಕೆಟ್ ಸುತ್ತ ಹಳೆಯ ಲಾಡ್ಜ್‌ಗಳು ಜಾಸ್ತಿ. ಬಾಡಿಗೆ ಕಡಿಮೆ, ಕೆಳಗಿಳಿದರೆ ಮಲ್ಲಿಗೆ, ಮೈಸೂರು ಪಾಕ್, ಅರಮನೆ ಎಲ್ಲ ಕಾಲ್ನಡಿಗೆಯಲ್ಲಿ. ಆದರೆ ಬೆಳಗಿನ ಜಾವವೇ ಮಾರ್ಕೆಟ್ಟಿಗೆ ಸರಕು ಬರುತ್ತದೆ, ರಾತ್ರಿ ತುಂಬಾ ಹೊತ್ತು ಗಾಡಿ ಓಡಾಡುತ್ತವೆ. ಇದ್ದರೆ ಹಿಂದಿನ ಸಾಲಿನ ರೂಮಿನಲ್ಲೇ ಇರಬೇಕು. ಸಬರ್ಬನ್ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜ್‌ಗಳನ್ನು ಮಾತ್ರ ನಾನು ಯಾವ ಜೋಡಿಗೂ ಹೇಳುವುದಿಲ್ಲ. ಅಲ್ಲಿ ರಾತ್ರಿ ಇಡೀ ಬಸ್ಸು.

ಎರಡು ರಾತ್ರಿ ಇರುವವರು, ಸುಮ್ನೆ ಕಾಫಿ ಕುಡಿದುಕೊಂಡು ಮರದ ನೆರಳಲ್ಲಿ ಓಡಾಡುವುದೇ ಟ್ರಿಪ್ಪು ಅನ್ನುವವರು ಯಾದವಗಿರಿ, ಜಯಲಕ್ಷ್ಮೀಪುರಂ, ಗೋಕುಲಂ ಕಡೆ ನೋಡಿ. ಯಾದವಗಿರಿಯಲ್ಲಿ ರೈಲು ಹಳಿಗೆ ಅಂಟಿಕೊಂಡ ಬೀದಿ ಬಿಟ್ಟುಬಿಡಿ, ಉಳಿದದ್ದೆಲ್ಲ ಶಾಂತ. ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ವಿದೇಶಿಯರು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಹಾಗಾಗಿ ಅಲ್ಲಿ ಹೋಂಸ್ಟೇ, ಸಣ್ಣ ಕೆಫೆ ಎರಡೂ ಇವೆ. ಜಯಲಕ್ಷ್ಮೀಪುರಂನ ಗ್ರೀನ್ ಹೋಟೆಲ್ ಇರುವುದು ಚಿತ್ತರಂಜನ್ ಪ್ಯಾಲೇಸ್ ಅನ್ನುವ ಹಳೆಯ ಕಟ್ಟಡದಲ್ಲಿ, ರಾಜಮನೆತನದ ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದು. ದೊಡ್ಡ ತೋಟ ಇದೆ. ಕುಕ್ಕರಹಳ್ಳಿ ಕೆರೆಯೂ ಈ ಭಾಗಕ್ಕೆ ಹತ್ತಿರ, ಬೆಳಗ್ಗೆ ಬೇಗ ಏಳುವವರು ಅಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಇನ್ನೊಬ್ಬರು ಎದ್ದಿರುತ್ತಾರೆ. ನನ್ನನ್ನು ಕೇಳಿದರೆ ಜೋಡಿಗಳಿಗೆ ಊರಿನಲ್ಲಿ ಇದೇ ಒಳ್ಳೆಯ ಕಡೆ.

ಲಲಿತ ಮಹಲ್ ಕಡೆ ಇನ್ನೂ ಪ್ರಶಾಂತ, ಬೆಟ್ಟ ಕಾಣುತ್ತದೆ, ಆದರೆ ಪ್ರತಿ ಸಲ ಊರೊಳಗೆ ಬರಲು ಆಟೋ ಬೇಕು. ರಿಂಗ್ ರೋಡಿನ ಹೊಸ ಹೋಟೆಲುಗಳು ಫೋಟೋದಲ್ಲಿ ಮಿರಮಿರ ಮಿಂಚುತ್ತವೆ, ಪಾರ್ಕಿಂಗ್ ಧಾರಾಳ, ರೇಟು ಕಡಿಮೆ. ಊಟಕ್ಕೆ, ತಿಂಡಿಗೆ, ಹೂವಿಗೆ, ಎಲ್ಲದಕ್ಕೂ ಕಾರು ತೆಗೆಯಬೇಕು. ಕೆಲಸದ ಮೇಲೆ ಬಂದವರಿಗೆ ಸರಿ.

ಯಾವ ದಿನ ಅನ್ನುವುದೂ ರೂಮಿನಷ್ಟೇ ಮುಖ್ಯ. ಬೆಂಗಳೂರಿನವರು ಶನಿವಾರ ಬಂದು ಭಾನುವಾರ ಮಧ್ಯಾಹ್ನ ಹೊರಟುಬಿಡುತ್ತಾರೆ. ಅರಮನೆಯ ದೀಪಾಲಂಕಾರ ಮುಖ್ಯವಾಗಿ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ ಏಳರ ಮೇಲೆ! ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತುವುದನ್ನು ನೋಡದೆ ಇವರೆಲ್ಲ ಮದ್ದೂರಿನ ಟ್ರಾಫಿಕ್ಕಿನಲ್ಲಿ ಕೂತಿರುತ್ತಾರೆ. ಸೋಮವಾರ ಒಂದು ರಜೆ ಹಾಕಲು ಆಗುವುದಾದರೆ ಭಾನುವಾರ ರಾತ್ರಿ ಉಳಿಯಿರಿ. ವೀಕೆಂಡಿನ ಜನ ಖಾಲಿ ಆಗಿರುತ್ತಾರೆ, ರೂಮಿನ ರೇಟೂ ಸಾಮಾನ್ಯವಾಗಿ ಇಳಿದಿರುತ್ತದೆ, ಒಳ್ಳೆಯ ರೂಮು ಕೇಳಿದರೆ ಕೊಡುತ್ತಾರೆ. ಮೃಗಾಲಯ ಮಂಗಳವಾರ ರಜೆ, ಅದೊಂದು ನೆನಪಿರಲಿ. ದಸರಾ ಸಮಯದಲ್ಲಿ ಬಾಡಿಗೆ ಎರಡು ಪಟ್ಟು, ಮೂರು ಪಟ್ಟು ಕೇಳುವವರೂ ಇದ್ದಾರೆ. ಮೆರವಣಿಗೆ ನೋಡಬೇಕು ಅಂತಲೇ ಹೋಗುವುದಾದರೆ ತಿಂಗಳುಗಳ ಮುಂಚೆ ಬುಕ್ ಮಾಡಿ. ವಿಶ್ರಾಂತಿ ಬೇಕಿದ್ದವರು ಆ ಹತ್ತು ದಿನ ಆ ಕಡೆ ಹೋಗಲೇಬೇಡಿ.

ಇನ್ನು ರೂಮು. ಆ್ಯಪ್‌ನಲ್ಲಿ ಡಬಲ್ ರೂಮ್ ಅಂತ ಬರೆದಿದ್ದರೂ ಎಷ್ಟೋ ಕಡೆ ಎರಡು ಸಿಂಗಲ್ ಮಂಚ ಜೋಡಿಸಿ ಮೇಲೆ ಒಂದು ಬೆಡ್‌ಶೀಟ್ ಹಾಸಿರುತ್ತಾರೆ. ನಡುರಾತ್ರಿ ಎರಡೂ ಸರಿದು ಮಧ್ಯೆ ಕಾಲುವೆ ಬಿಡುತ್ತದೆ. ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ, ಕೇಳಬೇಕು. ಕಿಟಕಿ ಇದೆಯಾ ಅಂತ ಕೇಳಿದರೆ ಇದೆ ಅನ್ನುತ್ತಾರೆ, ತೆರೆದರೆ ಪಕ್ಕದ ಕಟ್ಟಡದ ಗೋಡೆ ಅಥವಾ ಅಡುಗೆಮನೆಯ ಹೊಗೆ. ಹಾಗಾಗಿ ಕಿಟಕಿ ಯಾವ ಕಡೆಗೆ ತೆರೆಯುತ್ತದೆ ಅಂತ ಕೇಳಿ. ಲಿಫ್ಟ್ ಪಕ್ಕ, ಮೆಟ್ಟಿಲ ಪಕ್ಕ, ಜನರೇಟರ್ ಮೇಲೆ ಇರುವ ರೂಮು ಬೇಡ. ಏಪ್ರಿಲ್‌ನಲ್ಲಿ ತೀರಾ ಮೇಲಿನ ಮಹಡಿಯೂ ಬೇಡ, ತಾರಸಿಯ ಬಿಸಿ ರಾತ್ರಿ ಇಡೀ ಇಳಿಯುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೈಸೂರಿಗೆ ಎಸಿ ದುಡ್ಡು ಕೊಡುವುದು ದಂಡ, ಫ್ಯಾನೇ ಸಾಕು, ಕಿಟಕಿಗೆ ಸೊಳ್ಳೆ ಪರದೆ ಇದ್ದರೆ ಅದಕ್ಕಿಂತ ಉಪಕಾರ. ಬಿಸಿನೀರು ಅಂತೂ ಬಿಡದೆ ಕೇಳಬೇಕಾದ ವಿಷಯ. ಸೋಲಾರ್ ಇರುವ ಲಾಡ್ಜ್‌ಗಳಲ್ಲಿ ಬೆಳಗ್ಗೆ ಇಷ್ಟರಿಂದ ಇಷ್ಟು ಗಂಟೆ ಅಂತ ಟೈಮ್ ಇರುತ್ತದೆ, ತಡವಾಗಿ ಎದ್ದರೆ ತಣ್ಣೀರೇ ಗತಿ.

ಆಮೇಲೆ ಬಹಳ ಜನ ಯೋಚನೆ ಮಾಡದ ಒಂದು ಸಂಗತಿ, ಮದುವೆ ಹಾಲ್. ಮೈಸೂರಿನಲ್ಲಿ ಹೋಟೆಲಿನ ಒಳಗೇ ಅಥವಾ ಗೋಡೆಗೆ ಅಂಟಿಕೊಂಡು ಛತ್ರ ಇರುವುದು ಸಾಮಾನ್ಯ. ಲಗ್ನದ ಸೀಸನ್‌ನಲ್ಲಿ ಶನಿವಾರ ರಾತ್ರಿ ರಿಸೆಪ್ಷನ್ ಆರ್ಕೆಸ್ಟ್ರಾ, ಭಾನುವಾರ ನಸುಕಿಗೇ ನಾದಸ್ವರ, ಕಾರಿಡಾರಿನಲ್ಲಿ ಓಡುವ ಮಕ್ಕಳು, ಲಿಫ್ಟ್ ತುಂಬಾ ತಾಂಬೂಲದ ಚೀಲ ಹಿಡಿದ ನೆಂಟರು. ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದು ಅಂತ ನಿಯಮ ಇದ್ದರೂ ನೆಂಟರ ಬಾಯಿಗೆ ನಿಯಮ ಇಲ್ಲ ಅಲ್ವಾ. ಆ ದಿನ ಹಾಲ್ ಬುಕ್ ಆಗಿದೆಯಾ ಅಂತ ಫೋನಿನಲ್ಲಿ ನೇರವಾಗಿ ಕೇಳಿ. ಕೆಳಗೆ ಬಾರ್ ಅಂಡ್ ರೆಸ್ಟೋರೆಂಟ್ ಇದೆಯಾ ಅಂತಲೂ ಕೇಳಿಬಿಡಿ.

ರಿವ್ಯೂ ಓದುವಾಗ ಐದು ಸ್ಟಾರ್ ಕೊಟ್ಟವರನ್ನೂ ಒಂದು ಸ್ಟಾರ್ ಕೊಟ್ಟವರನ್ನೂ ಬಿಡಿ, ಎರಡು ಮೂರು ಸ್ಟಾರ್ ಕೊಟ್ಟವರು ಸತ್ಯ ಹೇಳುತ್ತಾರೆ. ಹೊಸದು ಮೊದಲು ಬರುವ ಹಾಗೆ ಜೋಡಿಸಿಕೊಳ್ಳಿ. ಹೋಟೆಲಿನವರು ಹಾಕಿದ ಫೋಟೋ ಬದಲು ತಂಗಿದವರು ತೆಗೆದದ್ದನ್ನು ನೋಡಿ, ಅದರಲ್ಲೂ ಬಾತ್‌ರೂಮಿನದು. ಬಾತ್‌ರೂಮ್ ಚೊಕ್ಕಟ ಇದ್ದರೆ ಉಳಿದದ್ದೂ ಸುಮಾರಾಗಿ ಚೊಕ್ಕಟವೇ.

ಇಷ್ಟಾದ ಮೇಲೆ ಎರಡು ಮೂರು ಹೆಸರು ಉಳಿಯುತ್ತವೆ. ಆಗ ಹೋಟೆಲಿನ ರಿಸೆಪ್ಷನ್‌ಗೇ ಫೋನ್ ಮಾಡಿ. ಬೆಳಗ್ಗೆ ಚೆಕ್ ಔಟ್ ಗಡಿಬಿಡಿಯಲ್ಲಿ ಬೇಡ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮಾಡಿದರೆ ಸಮಾಧಾನವಾಗಿ ಮಾತಾಡುತ್ತಾರೆ. "ಸರ್, ಭಾನುವಾರ ನಾವಿಬ್ಬರೇ ಬರ್ತಿದ್ದೀವಿ, ರಸ್ತೆ ಕಡೆ ಬೇಡ, ಹಿಂದಿನ ಸೈಡ್ ಒಂದೇ ಮಂಚ ಇರೋ ರೂಮು ಸಿಗುತ್ತಾ, ಟ್ಯಾಕ್ಸ್ ಸೇರಿ ಎಷ್ಟಾಗುತ್ತೆ?" ಇಷ್ಟು ಕೇಳಿದರೆ ಸಾಕು. ಅವರು ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಆ್ಯಪ್ ರೇಟು ಹೇಳಿ, ನೇರ ಬಂದರೆ ಎಷ್ಟಕ್ಕೆ ಕೊಡ್ತೀರಾ ಅಂತಲೂ ಕೇಳಿ ನೋಡಿ, ಸಣ್ಣ ಹೋಟೆಲಿನವರು ಸ್ವಲ್ಪ ಇಳಿಸುತ್ತಾರೆ. ಹೌದು ಅಂದವರ ಹೆಸರು ಬರೆದುಕೊಳ್ಳಿ, ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ನೆನಪಿಸಿ. ಯಾರದ್ದೋ ಸ್ವಂತ ನಂಬರಿಗೆ ಪೂರ್ತಿ ದುಡ್ಡು ಯುಪಿಐ ಮಾಡಿ ಅಂದರೆ ಮಾತ್ರ ನಿಲ್ಲಿ. ಹೋಟೆಲಿನ ಹೆಸರಲ್ಲಿ ನಕಲಿ ವೆಬ್‌ಸೈಟ್, ನಕಲಿ ನಂಬರ್ ಹಾಕಿ ಕೂತವರಿದ್ದಾರೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಟ್ಯಾಕ್ಸ್ ಲೆಕ್ಕ ಸ್ವಲ್ಪ ನೋಡಿ, ಇಲ್ಲಿ ಉಳಿತಾಯ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಅಂದರೆ 7,500ರ ರೂಮಿಗೆ ಕೈಯಿಂದ ಹೋಗುವುದು 7,875. ಬರೀ 300 ರೂಪಾಯಿ ಜಾಸ್ತಿ ಇರುವ 7,800ರ ರೂಮಿಗೆ 9,204. ಆ ಗೆರೆಯ ಸ್ವಲ್ಪ ಮೇಲೆ ಇರುವ ರೂಮು ಇಷ್ಟವಾಗಿದ್ದರೆ ತಿಂಡಿ ಬಿಟ್ಟು ಬರೀ ರೂಮಿನ ರೇಟು ಕೇಳಿ. ಮೈಸೂರಿನಲ್ಲಿ ಹೋಟೆಲಿನ ಬಫೆ ತಿಂಡಿಗೆ ದುಡ್ಡು ಕೊಡುವುದೇ ನನ್ನ ಪ್ರಕಾರ ದಡ್ಡತನ. ನಜರ್‌ಬಾದಿಗೆ ಹೋಗಿ ಮೈಲಾರಿ ದೋಸೆ ತಿನ್ನಿ. ಭಾನುವಾರ ಬೆಳಗ್ಗೆ ಕಾಯಬೇಕು, ಸೋಮವಾರ ಅಷ್ಟಿರುವುದಿಲ್ಲ.

ಚೆಕ್ ಇನ್ ಟೈಮ್ ಕೂಡ ಹಾಗೇ. ಹಳೆಯ ಲಾಡ್ಜ್‌ಗಳಲ್ಲಿ 24 ಗಂಟೆ ಲೆಕ್ಕ ಇರುತ್ತದೆ, ಸಂಜೆ ಐದಕ್ಕೆ ಹೊಕ್ಕರೆ ಮಾರನೇ ದಿನ ಐದರವರೆಗೂ ರೂಮು ನಿಮ್ಮದು. ದೊಡ್ಡ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಒಳಗೆ, ಹನ್ನೊಂದಕ್ಕೆ ಹೊರಗೆ. ಬೇಗ ಬರುವುದಿದ್ದರೆ ಮುಂಚೆಯೇ ಹೇಳಿ. ಬೈಕಿನಲ್ಲಿ ಬರುವ ಜೋಡಿಗಳು ಇದನ್ನು ಮರೆಯಬೇಡಿ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯ ಹಂಪುಗಳಲ್ಲಿ ಬಂದು ಸುಸ್ತಾದ ಮೇಲೆ ಲಾಬಿ ಸೋಫಾದಲ್ಲಿ ಮೂರು ಗಂಟೆ ಕೂರುವುದು ಯಾರಿಗೆ ಬೇಕು.

ಮದುವೆಯಾಗದ ಜೋಡಿಗಳ ವಿಷಯ. ಇಬ್ಬರು ವಯಸ್ಕರು ಒಂದು ರೂಮಿನಲ್ಲಿ ಇರಬಾರದು ಅಂತ ಯಾವ ಕಾನೂನೂ ಇಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿದೆ. ಆದರೂ ಹೋಟೆಲಿನವರು ತಮ್ಮದೇ ನಿಯಮ ಅಂತ ಬಾಗಿಲಲ್ಲೇ ವಾಪಸ್ ಕಳಿಸುವುದುಂಟು. 2025ರ ಜನವರಿಯಲ್ಲಿ ಓಯೋ ಕೂಡ ಮೀರತ್‌ನಿಂದ ಶುರು ಮಾಡಿ ಹೋಟೆಲುಗಳಿಗೆ ಹಾಗೆ ಬೇಡ ಅನ್ನುವ ಅವಕಾಶ ಕೊಟ್ಟಿತು. ರಾತ್ರಿ ಹತ್ತಕ್ಕೆ ಕೌಂಟರಿನಲ್ಲಿ ಕಾನೂನು ವಾದ ಮಾಡಿ ಗೆದ್ದರೂ ನೆಮ್ಮದಿ ಇರುವುದಿಲ್ಲ. ಮುಂಚೆಯೇ ಫೋನಿನಲ್ಲಿ ಕೇಳಿ, ಮೆಸೇಜಿನಲ್ಲಿ ಉತ್ತರ ತರಿಸಿಕೊಳ್ಳಿ. ಮೈಸೂರಿನ ವಿಳಾಸದ ಐಡಿ ಇದ್ದವರಿಗೆ ರೂಮು ಕೊಡದ ಲಾಡ್ಜ್‌ಗಳೂ ಇವೆ, ಅದನ್ನೂ ಕೇಳಿ. ಇಬ್ಬರ ಐಡಿಯೂ ಬೇಕು, ವಿಳಾಸ ಇಲ್ಲದ ಪ್ಯಾನ್ ಕಾರ್ಡ್ ನಡೆಯುವುದಿಲ್ಲ ಅಂದುಕೊಂಡೇ ಹೋಗಿ. ಆಧಾರ್ ಜೆರಾಕ್ಸ್ ಕೊಡಲು ಮನಸ್ಸಿಲ್ಲದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಿ, ಇಲ್ಲವೇ ಡ್ರೈವಿಂಗ್ ಲೈಸೆನ್ಸ್ ಕೊಡಿ.

ಅಲ್ಲಿಗೆ ಹೋದ ಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕುವ ಮೊದಲು ರೂಮು ನೋಡ್ತೀವಿ ಅನ್ನಿ. ಇದರಲ್ಲಿ ಸಂಕೋಚ ಏನೂ ಇಲ್ಲ, ಎಲ್ಲರೂ ತೋರಿಸುತ್ತಾರೆ. ಒಬ್ಬರು ಬ್ಯಾಗಿನ ಹತ್ತಿರ ನಿಲ್ಲಿ, ನಿದ್ದೆ ಸೂಕ್ಷ್ಮ ಇರುವವರು ಮೇಲೆ ಹೋಗಿ. ಬಾಗಿಲು ಹಾಕಿಕೊಂಡು ಸುಮ್ಮನೆ ಒಂದು ನಿಮಿಷ ನಿಂತರೆ ಸದ್ದು ಎಷ್ಟಿದೆ ಗೊತ್ತಾಗುತ್ತದೆ. ಒಳಗಿನ ಚಿಲಕ ಗಟ್ಟಿ ಇದೆಯಾ, ಬಾತ್‌ರೂಮಿನಲ್ಲಿ ವಾಸನೆ ಇದೆಯಾ, ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಾ, ದಿಂಬಿನ ಕವರ್ ಒಗೆದದ್ದಾ ನೋಡಿ. ಹಿಡಿಸದಿದ್ದರೆ ಆಗಲೇ ಬೇರೆ ರೂಮು ಕೇಳಬೇಕು. ಬ್ಯಾಗು ಬಿಚ್ಚಿ, ಸ್ನಾನ ಮಾಡಿ, ಆಮೇಲೆ ಕೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಹೊರಡುವಾಗ ಬಿಲ್ ಒಮ್ಮೆ ಓದಿ. ಸರ್ವೀಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸಿದ್ದರೆ ತೆಗೆಯಿರಿ ಅನ್ನಬಹುದು. ಹಾಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಬ್ಯಾಗು ತಂದುಕೊಟ್ಟ ಹುಡುಗನಿಗೆ ಟಿಪ್ಸ್ ಕೊಡುವುದಿದ್ದರೆ ಅವನ ಕೈಗೇ ಕೊಡಿ. ರೈಲು ಸಂಜೆಗಿದ್ದರೆ ಬ್ಯಾಗು ರಿಸೆಪ್ಷನ್‌ನಲ್ಲೇ ಇಟ್ಟು ಊರು ಸುತ್ತಿ ಬರುತ್ತೀವಿ ಅನ್ನಿ, ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ.