ಫೇಸ್ 1 ಕಾರ್-ಟಿ ಟ್ರಯಲ್‌ನಲ್ಲಿ ನರ್ಸ್ ಆಗಿ ನನ್ನ ಅನುಭವ

ಬ್ಲಡ್ ಕ್ಯಾನ್ಸರ್‌ಗೆ ಕಾರ್-ಟಿ ಅನ್ನೋ ಟ್ರೀಟ್ಮೆಂಟ್‌ನ ಟ್ರಯಲ್ ಅಂದ ತಕ್ಷಣ ಪೇಷಂಟ್ ಮನೆಯವರು ಕೇಳೋದು ಒಂದೇ, "ಇದ್ರಿಂದ ವಾಸಿ ಆಗತ್ತಾ ಸಿಸ್ಟರ್?" ನಾನು ಕನ್ಸೆಂಟ್ ಮಾತುಕತೇಲಿ ಡಾಕ್ಟರ್ ಜೊತೆ ಕೂತಿರ್ತೀನಿ, ಸುತ್ತಿಬಳಸದೆ ಹೇಳ್ಬಿಡ್ತೀವಿ: ಫೇಸ್ 1ರಲ್ಲಿ ಮುಖ್ಯವಾಗಿ ನೋಡೋದು ಈ ಡೋಸ್ ಸೇಫಾ, ಎಷ್ಟರವರೆಗೆ ಏರಿಸಬಹುದು ಅಂತ. ವಾಸಿ ಆದ್ರೆ ಎಲ್ಲರಿಗೂ ಖುಷಿನೇ, ಮಾತು ಕೊಡಕ್ಕಾಗಲ್ಲ. ಕೀಮೋ, ಕೆಲವರಿಗೆ ಟ್ರಾನ್ಸ್‌ಪ್ಲಾಂಟೂ ಆಗಿ ಕಾಯಿಲೆ ಮತ್ತೆ ಬಂದಿರೋರು ಇವರು, ಸುಮ್ನೆ ಆಸೆ ಹುಟ್ಟಿಸಬಾರದು.

ಕಾರ್-ಟಿ ಅಂದ್ರೆ ಪೇಷಂಟ್‌ದೇ ಟಿ ಸೆಲ್ಸ್ (ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರ್ ಸೆಲ್ ಮೇಲಿರೋ ಗುರುತು, ಅಂದ್ರೆ ಬಿ ಸೆಲ್ ಲುಕೇಮಿಯಾಗೆ ಹೆಚ್ಚಾಗಿ ಸಿಡಿ19, ಮೈಲೋಮಾಗೆ ಬಿಸಿಎಂಎ, ಅದನ್ನ ಹಿಡಿಯೋ ಹಾಗೆ ಲ್ಯಾಬಲ್ಲಿ ಜೀನ್ ಸೇರಿಸಿ ಬೆಳೆಸ್ತಾರೆ. ಅದಕ್ಕೆ ವಾರಗಳೇ ಬೇಕು, ಕಾಯಿಲೆ ಅಷ್ಟು ದಿನ ಸುಮ್ನಿರಲ್ಲ, ಮಧ್ಯೆ ಬ್ರಿಜಿಂಗ್ ಟ್ರೀಟ್ಮೆಂಟ್ ಕೊಡಬೇಕಾಗತ್ತೆ.

ಸೆಲ್ಸ್ ಕೊಡೋ ಮುಂಚೆ ಫ್ಲುಡರಬಿನ್, ಸೈಕ್ಲೋಫಾಸ್ಫಮೈಡ್ ಅನ್ನೋ ಕೀಮೋ ಕೊಟ್ಟು ಹೊಸ ಸೆಲ್ಸ್‌ಗೆ ಜಾಗ ಮಾಡ್ತೀವಿ. ಆ ದಿನ ಫ್ರೀಜ್ ಆದ ಬ್ಯಾಗನ್ನ 37 ಡಿಗ್ರಿ ನೀರಲ್ಲಿ ಕರಗಿಸಿ, ಇಬ್ರು ಸೇರಿ ಹೆಸರು, ಐಡಿ ಓದಿ ತಾಳೆ ನೋಡ್ತೀವಿ. ಲೈನಲ್ಲಿ ಲ್ಯೂಕೋಸೈಟ್ ಫಿಲ್ಟರ್ (ಬಿಳಿ ರಕ್ತಕಣ ತಡೆಯೋ ಜಾಲರಿ) ಇರಲೇಬಾರದು, ಇದ್ರೆ ಕೊಡಬೇಕಾದ ಸೆಲ್ಸೇ ಅಲ್ಲಿ ಸಿಕ್ಕಾಕೊಳ್ಳತ್ತೆ. ಬ್ಯಾಗ್ ಬೇಗ ಖಾಲಿ ಆಗೋಗತ್ತೆ, "ಅಷ್ಟೇನಾ?" ಅಂತಾರೆ, ರೂಮೆಲ್ಲ ಪ್ರಿಸರ್ವೇಟಿವ್‌ದು ಬೆಳ್ಳುಳ್ಳಿ ತರ ವಾಸನೆ.

ನಮ್ಮ ಕೆಲಸ ಶುರುವಾಗೋದೇ ಆಮೇಲೆ. ಮಾತ್ರೆ ಆದ್ರೆ ನುಂಗಿದಷ್ಟೇ, ಈ ಸೆಲ್ಸ್ ಒಳಗೆ ಹೋಗಿ ತಾವೇ ಹೆಚ್ತಾ ಹೋಗತ್ವೆ, ನಾವು ಕೊಟ್ಟ ಡೋಸ್ ಬರೀ ಶುರು. ಜ್ವರ ಬಂದ್ರೆ ಇನ್ಫೆಕ್ಷನ್ನೋ ಸೈಟೋಕೈನ್ ರಿಲೀಸೋ (ಈ ಸೆಲ್ಸ್ ಕೆಲಸ ಶುರು ಮಾಡಿದಾಗ ಮೈಯೆಲ್ಲ ಉರಿಯೂತ ಏಳೋದು) ಗೊತ್ತಾಗಲ್ಲ, ಕಲ್ಚರ್ ಕಳಿಸಿ ಆಂಟಿಬಯೋಟಿಕ್ ಹಾಕಿ, ಬಿಪಿ ಇಳಿದ್ರೆ ಆ ಉರಿಯೂತ ತಗ್ಗಿಸೋ ಟೊಸಿಲಿಜುಮ್ಯಾಬ್ ರೆಡಿ. ಜ್ವರಕ್ಕಿಂತ ನನಗೆ ಭಯ ಈ ಸೆಲ್ಸಿಂದ ಮೆದುಳಿಗೆ ಆಗೋ ತೊಂದರೆದು. ಶಿಫ್ಟ್ ಶಿಫ್ಟಿಗೂ ಐಸ್ (ICE) ಸ್ಕೋರ್ ಅಂತ ಮೆದುಳು ಸರಿಯಾಗಿದೆಯಾ ನೋಡೋ ಟೆಸ್ಟ್ ಮಾಡ್ತೀವಿ, 10 ಪಾಯಿಂಟ್: ಇದು ಯಾವ ಊರು, ಯಾವ ವರ್ಷ, ಪೆನ್ ತೋರಿಸಿದ್ರೆ ಏನಂತಾರೆ, 100ರಿಂದ ಹತ್ತತ್ತು ಕಮ್ಮಿ ಮಾಡ್ತಾ ಎಣಿಸೋದು, ಕೊನೆಗೆ ಒಂದು ವಾಕ್ಯ ಬರೆಯೋದು. ಒಬ್ರು ದಿನಾ ದುಂಡಗೆ ಬರೆಯೋರು, ಒಂದು ಬೆಳಿಗ್ಗೆ ಸಾಲು ಕೆಳಗೆ ಜಾರ್ತಿದೆ, ಒತ್ತಕ್ಷರಗಳೇ ಇಲ್ಲ, ಕೇಳಿದ್ರೆ "ರಾತ್ರಿ ನಿದ್ದೆ ಇಲ್ಲ ಸಿಸ್ಟರ್" ಅಂತ ನಗ್ತಾರೆ. ಮಾತು ಸರಿಯಾಗೇ ಇತ್ತು. ಹಿಂದಿನ ದಿನದ ಹಾಳೆ ಪಕ್ಕದಲ್ಲಿಟ್ಟು ಡಾಕ್ಟರ್‌ಗೆ ತೋರಿಸ್ದೆ, ಮಧ್ಯಾಹ್ನದೊಳಗೆ ಪದ ಸಿಗದೆ ತಡವರಿಸೋಕೆ ಶುರು ಮಾಡಿದ್ರು, ಆದ್ರೆ ಅಷ್ಟೊತ್ತಿಗೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಹೋಗಿತ್ತು. ಟೊಸಿಲಿಜುಮ್ಯಾಬ್ ಇಂಥದ್ದಕ್ಕೆ ಅಷ್ಟಾಗಿ ಕೆಲಸ ಮಾಡಲ್ಲ, ಸ್ಟೀರಾಯ್ಡೇ ಬೇಕು. ಕೆಲವು ದಿನಕ್ಕೆ ಒತ್ತಕ್ಷರ ವಾಪಸ್ ಬಂತು.

ಆ ಹಾಳೆ ಫೈಲಲ್ಲಿ ಕೂರೋದಲ್ಲ. ನಮ್ಮದು 3+3 ಡಿಸೈನ್, ಮೂರು ಜನಕ್ಕೆ ಒಂದು ಡೋಸ್, ಒಬ್ರಿಗೆ ಸಹಿಸಲಾಗದ ತೊಂದರೆ ಆದ್ರೆ ಅದೇ ಡೋಸಲ್ಲಿ ಇನ್ನೂ ಮೂರು, ಇಬ್ರಿಗಾದ್ರೆ ಏರಿಸೋದು ಅಲ್ಲಿಗೇ ನಿಲ್ತು. ಹಾಗಾಗಿ ಆ ತೊಂದರೆ ಗ್ರೇಡ್ ಎಷ್ಟು, ಎಷ್ಟು ದಿನ ಇತ್ತು ಅಂತ ಸೇಫ್ಟಿ ಕಮಿಟಿ ನೋಡಿ ಮುಗಿಸೋವರೆಗೂ ಮುಂದಿನ ಪೇಷಂಟ್ ಬ್ಯಾಗ್ ಫ್ರೀಜರಲ್ಲೇ ಇರತ್ತೆ, ಅವರ ಮನೆಯವರು ದಿನಾ ಫೋನ್ ಮಾಡಿ "ನಮ್ದು ಯಾವಾಗ?" ಅಂತ ಕೇಳ್ತಾರೆ.