ಸಿಮ್ಯುಲೇಶನ್‌ಗೆ ಪ್ರಮಾಣಿತ ವಾತಾವರಣದ ಕೋಡ್ ಬರೆಯುವುದು

ಪ್ರಮಾಣಿತ ವಾತಾವರಣ ಎಂದರೆ ಎತ್ತರಕ್ಕೆ ತಕ್ಕಂತೆ ಗಾಳಿಯ ಉಷ್ಣಾಂಶ, ಒತ್ತಡ, ಸಾಂದ್ರತೆ ಕೊಡುವ ಒಪ್ಪಿತ ಮಾದರಿ. ಅದರಲ್ಲಿ 10 ಕಿ.ಮೀ. ಎತ್ತರದಲ್ಲಿ ಒತ್ತಡ 26436 ಪ್ಯಾಸ್ಕಲ್ ಎನ್ನುತ್ತದೆ ಒಂದು ಕೋಷ್ಟಕ, 26500 ಎನ್ನುತ್ತದೆ ಇನ್ನೊಂದು. ಎರಡೂ ಸರಿಯೇ. ಮೊದಲನೆಯದು ಜಿಯೋಪೊಟೆನ್ಶಿಯಲ್ ಎತ್ತರಕ್ಕೆ (ಮೇಲೆ ಹೋದಂತೆ ಗುರುತ್ವ ಕಡಿಮೆಯಾಗುವುದನ್ನು ಸರಿದೂಗಿಸಿದ ಎತ್ತರ), ಎರಡನೆಯದು ನಿಜವಾದ ಎತ್ತರಕ್ಕೆ. ಕೆಳಗಿನ ಸೂತ್ರಗಳಿಗೆ ಬೇಕಾದದ್ದು ಮೊದಲನೆಯದು. ಆದ್ದರಿಂದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಮೊದಲು ಪರಿವರ್ತಿಸಿ:

ಜಿಯೋ ಎತ್ತರ = 6356766 × ಎತ್ತರ ÷ (6356766 + ಎತ್ತರ)

ವಿಮಾನದ ಎತ್ತರಗಳಲ್ಲಿ ಈ ವ್ಯತ್ಯಾಸ ಚಿಕ್ಕದು. 80 ಕಿ.ಮೀ.ಗೆ ಹೋದರೆ ಸುಮಾರು 1 ಕಿ.ಮೀ. ಆಗುತ್ತದೆ, ರಾಕೆಟ್‌ನವರು ಬಿಡುವಂತಿಲ್ಲ.

ಸಮುದ್ರಮಟ್ಟದಲ್ಲಿ 288.15 ಕೆಲ್ವಿನ್, 101325 ಪ್ಯಾಸ್ಕಲ್. ಅಲ್ಲಿಂದ 11 ಕಿ.ಮೀ.ವರೆಗೆ ಪ್ರತಿ ಕಿ.ಮೀ.ಗೆ 6.5 ಕೆಲ್ವಿನ್ ಇಳಿಕೆ:

ಒತ್ತಡ = 101325 × (ಉಷ್ಣಾಂಶ ÷ 288.15)^5.25588

11ರಿಂದ 20 ಕಿ.ಮೀ.ವರೆಗೆ ಉಷ್ಣಾಂಶ 216.65ರಲ್ಲೇ ನಿಲ್ಲುತ್ತದೆ. ಮೇಲಿನ ಘಾತ 5.25588 ಬಂದದ್ದು ಉಷ್ಣಾಂಶ ಇಳಿಯುವ ದರದಿಂದ ಭಾಗಿಸಿ; ಇಲ್ಲಿ ಆ ದರ ಸೊನ್ನೆ. ಹಾಗಾಗಿ ಇಲ್ಲೂ ಹಳೆಯ ಸೂತ್ರವನ್ನೇ ಓಡಿಸಿದರೆ ಘಾತದಲ್ಲಿ ಸೊನ್ನೆಯಿಂದ ಭಾಗಾಕಾರ ಬಂದು ಲೆಕ್ಕ ಕೆಡುತ್ತದೆ. ಈ ಪದರಕ್ಕೆ ಬೇರೆ ಸೂತ್ರ (ಇ ಎಂದರೆ 2.71828):

ಒತ್ತಡ = ಪದರದ ತಳದ ಒತ್ತಡ × ಇ^(−ತಳದಿಂದ ಮೇಲಿನ ಮೀಟರ್ ÷ 6342)

ತಳದ ಒತ್ತಡ 22632. ಇದನ್ನು ಪುಸ್ತಕ ನೋಡಿ ಟೈಪ್ ಮಾಡಬೇಡಿ, ಕೆಳಗಿನ ಪದರದ ಸೂತ್ರದಿಂದಲೇ ಪ್ರೋಗ್ರಾಂ ಶುರುವಾಗುವಾಗ ಲೆಕ್ಕ ಹಾಕಿಸಿ. ಇಲ್ಲದಿದ್ದರೆ ದಶಮಾಂಶ ಕತ್ತರಿಸಿದ ಕಡೆ ಒತ್ತಡ ಪುಟ್ಟದಾಗಿ ಜಿಗಿಯುತ್ತದೆ, ಸಮೀಕರಣ ಬಿಡಿಸುವ ಪ್ರೋಗ್ರಾಂ (ಸಾಲ್ವರ್) ಅಲ್ಲೇ ತಡವರಿಸುತ್ತದೆ. 20ರಿಂದ 32 ಕಿ.ಮೀ.ವರೆಗೆ ಪ್ರತಿ ಕಿ.ಮೀ.ಗೆ 1 ಕೆಲ್ವಿನ್ ಏರಿಕೆ. ದರ ಬದಲಾದ್ದರಿಂದ ಅಲ್ಲಿ ಘಾತದ ಬೆಲೆಯೂ ಬದಲಾಗಿ ಚಿಹ್ನೆಯೂ ತಿರುಗುತ್ತದೆ, ಮರೆಯಬೇಡಿ.

ಸಾಂದ್ರತೆ = ಒತ್ತಡ ÷ (287.053 × ಉಷ್ಣಾಂಶ). ಶಬ್ದದ ವೇಗ = √(1.4 × 287.053 × ಉಷ್ಣಾಂಶ).

ಪ್ರೋಗ್ರಾಂ ಬೇಗ ಓಡಲೆಂದು ಕೋಷ್ಟಕ ಬಳಸುವುದಾದರೆ ಒತ್ತಡದ ಲಾಗರಿದಮ್ ಇಟ್ಟು ನಡುವಿನ ಬೆಲೆ ತೆಗೆಯಿರಿ. ಒತ್ತಡವನ್ನೇ ಸರಳರೇಖೆಯಲ್ಲಿ ಜೋಡಿಸಿದರೆ, 1 ಕಿ.ಮೀ. ಅಂತರದ ಕೋಷ್ಟಕದಲ್ಲಿ ಸುಮಾರು ಶೇ. 0.3ರವರೆಗೆ ಹೆಚ್ಚು ತೋರಿಸುತ್ತದೆ.

ಇನ್ನು ಬಿಸಿ ದಿನದ ಲೆಕ್ಕ. ಒತ್ತಡವನ್ನು ಪ್ರಮಾಣಿತವಾಗಿಯೇ ಇಟ್ಟು, ಉಷ್ಣಾಂಶ ಮಾತ್ರ ಬದಲಿಸಿ, ಸಾಂದ್ರತೆಯನ್ನು ಹೊಸದಾಗಿ ತೆಗೆಯುವುದು ವಾಡಿಕೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 915 ಮೀ. ಎತ್ತರದಲ್ಲಿದೆ: ಪ್ರಮಾಣಿತ ಉಷ್ಣಾಂಶ 9 ಡಿಗ್ರಿ, ಸಾಂದ್ರತೆ ಘನ ಮೀಟರ್‌ಗೆ 1.121 ಕೆ.ಜಿ. 35 ಡಿಗ್ರಿಯ ಮಧ್ಯಾಹ್ನ ಅದು 1.027ಕ್ಕೆ ಇಳಿಯುತ್ತದೆ, ರೆಕ್ಕೆಗೂ ಎಂಜಿನ್‌ಗೂ ಅದು ಸುಮಾರು 1800 ಮೀ. ಎತ್ತರದ ಗಾಳಿ. ಟೇಕಾಫ್ ದೂರವನ್ನು ಪ್ರಮಾಣಿತ ಸಾಂದ್ರತೆಯಲ್ಲೇ ಲೆಕ್ಕ ಹಾಕಿದರೆ ಉತ್ತರ ಅಪಾಯಕಾರಿಯಾಗಿ ಕಡಿಮೆ ಬರುತ್ತದೆ.

ಈ ಮಾದರಿ ಮಧ್ಯ ಅಕ್ಷಾಂಶಗಳದ್ದು. ಉಷ್ಣವಲಯದಲ್ಲಿ ಉಷ್ಣಾಂಶದ ಇಳಿಕೆ 16-17 ಕಿ.ಮೀ.ವರೆಗೂ ಮುಂದುವರಿಯುತ್ತದೆ, ಶ್ರೀಹರಿಕೋಟಾದ ಉಡಾವಣೆಗೆ ಬಲೂನ್ ಅಳತೆಗಳನ್ನೇ ತುಂಬಿ.