ಒಂಟಾರಿಯೊದಲ್ಲಿ ಟ್ರಕ್ ಲೈಸೆನ್ಸ್: ಹೊಸದಾಗಿ ಬಂದವರು ಏನು ಓದಬೇಕು, ಹೇಗೆ ಓದಬೇಕು

ಕೆನಡಾದ ಬ್ರಾಂಪ್ಟನ್, ಮಿಸಿಸಾಗಾ ಕಡೆ ಇರುವ ನಮ್ಮ ಕನ್ನಡದವರಲ್ಲಿ ಟ್ರಕ್ ಓಡಿಸುವವರು ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ಈ ಲೈನಿಗೆ ಬರಬೇಕು ಅನ್ನುವವರಿಗೆ ನಮ್ಮ ಭಾಷೆಯಲ್ಲಿ ಹೇಳಿಕೊಡುವ ಜನ ಕಡಿಮೆ, ಗಾಳಿಸುದ್ದಿ ಮಾತ್ರ ಬೇಕಾದಷ್ಟು. "ಆ್ಯಪ್‌ನಲ್ಲಿ ನೂರು ಪ್ರಶ್ನೆ ಬಾಯಿಪಾಠ ಮಾಡು, ಪಾಸು" ಅನ್ನುವುದು ಅದರಲ್ಲಿ ಮೊದಲನೆಯದು. ಲಿಖಿತ ಪರೀಕ್ಷೆ ಹಾಗೂ ಹೀಗೂ ಆದೀತು. ಆಮೇಲೆ ಗಾಡಿಯ ಪಕ್ಕ ನಿಲ್ಲಿಸಿ "ಇದೇನು, ಇದು ಸರಿ ಇದೆ ಅಂತ ನಿನಗೆ ಹೇಗೆ ಗೊತ್ತು?" ಎಂದು ಕೇಳುವಾಗ ಆ ಬಾಯಿಪಾಠ ಕೈಕೊಡುತ್ತದೆ.

ನಾನು ಹೇಳುವುದು ಒಂಟಾರಿಯೊ ಪ್ರಾಂತ್ಯಕ್ಕೆ ಮಾತ್ರ. ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾದಲ್ಲಿ ದೊಡ್ಡ ಟ್ರೇಲರ್ ಲೈಸೆನ್ಸಿಗೆ ಕ್ಲಾಸ್ 1 ಅನ್ನುತ್ತಾರೆ, ಅಲ್ಲಿನ ಲೆಕ್ಕವೇ ಬೇರೆ. ಇಲ್ಲಿ ದೊಡ್ಡ ಟ್ರೇಲರ್ ಎಳೆಯಲು ಬೇಕಾದದ್ದು 'ಎ' ದರ್ಜೆ, ಏರ್ ಬ್ರೇಕಿಗೆ 'ಝೀ'. ಎರಡೂ ಸೇರಿ ಎಲ್ಲರ ಬಾಯಲ್ಲೂ ಏ-ಝೀ. ಹಿಂದಿನ ಟ್ರೇಲರ್ 4,600 ಕೆ.ಜಿ. ದಾಟಿದರೆ 'ಎ' ಬೇಕು. ಟ್ರೇಲರ್ ಇಲ್ಲದೆ 11,000 ಕೆ.ಜಿ. ಮೀರಿದ ಲಾರಿ, ಅಂದರೆ ಜಲ್ಲಿ ಹೊಡೆಯುವ ಡಂಪ್ ಟ್ರಕ್ಕಿನಂಥದ್ದಕ್ಕೆ 'ಡಿ' ಸಾಕು.

ಏ-ಝೀಗೆ ಅರ್ಜಿ ಹಾಕಲು 18 ವರ್ಷ ತುಂಬಿರಬೇಕು, ಕೈಯಲ್ಲಿ ಪೂರ್ತಿ 'ಜಿ', ಅಂದರೆ ಕಾರಿನ ಲೈಸೆನ್ಸ್ ಇರಬೇಕು. ಅದಕ್ಕೂ ಮುಂಚಿನ ಕಲಿಕೆಯ ಹಂತಗಳಾದ ಜಿ-1, ಜಿ-2 ನಡೆಯುವುದಿಲ್ಲ. ಊರಿನಲ್ಲಿ ಹೆವಿ ಲೈಸೆನ್ಸ್, ಬ್ಯಾಡ್ಜ್ ಎರಡೂ ಇತ್ತು ಅನ್ನುವವರಿಗೆ ಒಂದು ಮಾತು: ಭಾರತದ ಲೈಸೆನ್ಸನ್ನು ಇಲ್ಲಿ ನೇರವಾಗಿ ಬದಲಾಯಿಸಿಕೊಡುವುದಿಲ್ಲ. ಅಲ್ಲಿ ಹತ್ತು ವರ್ಷ ಲಾರಿ ಓಡಿಸಿದ್ದರೂ ಮೊದಲು ಕಾರಿನ ಲಿಖಿತ ಪರೀಕ್ಷೆ ಬರೆಯಲೇಬೇಕು. ಆದರೆ ಎರಡು ವರ್ಷದ ಚಾಲನೆಯ ಅನುಭವಕ್ಕೆ ದಾಖಲೆ ತೋರಿಸಿದರೆ ಕಾಯುವ ಅವಧಿ ತಪ್ಪುತ್ತದೆ, ಸೀದಾ 'ಜಿ' ರೋಡ್ ಟೆಸ್ಟಿಗೆ ಹೋಗಬಹುದು. ಅದಕ್ಕೇ ವಿಮಾನ ಹತ್ತುವ ಮುಂಚೆ ನಿಮ್ಮ ಆರ್‌ಟಿಓದಿಂದ ಡಿಎಲ್ ಎಕ್ಸ್‌ಟ್ರಾಕ್ಟ್ (ನಿಮ್ಮ ಲೈಸೆನ್ಸಿನ ವಿವರಗಳ ದಾಖಲೆ) ತೆಗೆದಿಟ್ಟುಕೊಳ್ಳಿ. ಇಲ್ಲಿ ಕೂತುಕೊಂಡು ಅಣ್ಣತಮ್ಮಂದಿರನ್ನು ಆರ್‌ಟಿಓಗೆ ಅಲೆದಾಡಿಸುವುದು ಯಾರಿಗೂ ಬೇಡ.

ಇನ್ನೊಂದು ಕೆಲಸ, ಸ್ಕೂಲಿಗೆ ದುಡ್ಡು ಕಟ್ಟುವ ಮುಂಚೆಯೇ ಮೆಡಿಕಲ್ ಮುಗಿಸಿ. ಡಾಕ್ಟರು ತುಂಬಿಕೊಡಬೇಕಾದ ಫಾರಂ ಇದೆ. ಕಣ್ಣಿನ ಮಟ್ಟ ಕಾರಿಗಿಂತ ಬಿಗಿ: ಎರಡೂ ಕಣ್ಣು ಸೇರಿ 20/30ಕ್ಕಿಂತ ಕಡಿಮೆ ಇರಬಾರದು, ಕನ್ನಡಕ ಹಾಕಿಕೊಂಡರೂ ಆಯಿತು. ಸಕ್ಕರೆ ಕಾಯಿಲೆ, ಬಿಪಿ ನಮ್ಮವರಲ್ಲಿ ಮನೆಮಾತು; ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. 46 ವರ್ಷದ ಒಳಗಿನವರಿಗೆ ಈ ವರದಿ ಐದು ವರ್ಷಕ್ಕೊಮ್ಮೆ, 46ರಿಂದ 64ರವರೆಗೆ ಮೂರು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ.

ಈಗ ಓದಿನ ವಿಷಯಕ್ಕೆ ಬರೋಣ. ಪುಸ್ತಕ ಎರಡೇ: ಸಾರಿಗೆ ಸಚಿವಾಲಯದ ಟ್ರಕ್ ಹ್ಯಾಂಡ್‌ಬುಕ್, ಏರ್ ಬ್ರೇಕ್ ಹ್ಯಾಂಡ್‌ಬುಕ್. ಲಿಖಿತ ಪರೀಕ್ಷೆಯೂ ಅದಕ್ಕೆ ತಕ್ಕಂತೆ ಬೇರೆ ಬೇರೆ, ಪಾಸಾಗಲು ಶೇ. 80 ಬೇಕು. ಫೋನಿನಲ್ಲಿ ಪುಕ್ಕಟೆ ಸಿಗುವ ಟ್ರಕ್ ಪ್ರಶ್ನೆಗಳ ಆ್ಯಪ್‌ಗಳಲ್ಲಿ ಮುಕ್ಕಾಲು ಪಾಲು ಅಮೆರಿಕದ ಸಿಡಿಎಲ್, ಅಂದರೆ ಅಲ್ಲಿನ ಟ್ರಕ್ ಲೈಸೆನ್ಸ್ ಪರೀಕ್ಷೆಯವು. ಗಾಡಿ ಒಂದೇ, ಬ್ರೇಕೂ ಒಂದೇ, ಕಾನೂನು ಮಾತ್ರ ಬೇರೆ. ಅಮೆರಿಕದಲ್ಲಿ ದಿನಕ್ಕೆ 11 ಗಂಟೆ ಓಡಿಸಬಹುದು. ಕೆನಡಾದಲ್ಲಿ 13 ಗಂಟೆ ಓಡಿಸಬಹುದು, ಲೋಡಿಂಗ್ ಇತ್ಯಾದಿ ಸೇರಿ ಕೆಲಸ 14 ಗಂಟೆ ಮೀರಬಾರದು, ದಿನಕ್ಕೆ 10 ಗಂಟೆ ಬಿಡುವು ಇರಬೇಕು, ಅದರಲ್ಲಿ 8 ಗಂಟೆ ಒಟ್ಟಿಗೆ. ಅಲ್ಲಿ ಗಾಡಿಯ ಎತ್ತರದ ಮಿತಿಯನ್ನು ಅಡಿಯಲ್ಲಿ ಕೇಳಿದರೆ ಒಂಟಾರಿಯೊದಲ್ಲಿ 4.15 ಮೀಟರ್. ಆ್ಯಪ್ ನೋಡಿ ತಲೆಯಲ್ಲಿ ಕೂತ ಅಂಕಿಯನ್ನು ಆಮೇಲೆ ಕಿತ್ತುಹಾಕುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಮೊದಲು ಹ್ಯಾಂಡ್‌ಬುಕ್ ಮುಗಿಸಿ. ಆ್ಯಪ್ ನೋಡಲೇಬೇಕೆಂದರೆ ಒಂಟಾರಿಯೊ ಎಂದು ಬರೆದದ್ದನ್ನೇ ನೋಡಿ.

ಹೆಚ್ಚಿನವರಿಗೆ ಕಷ್ಟವಾಗುವುದು ಏರ್ ಬ್ರೇಕ್. ಊರಿನಲ್ಲಿ ಬಸ್ಸು, ಲಾರಿ ಓಡಿಸಿದವರಿಗೆ ಆ 'ಟುಸ್' ಸದ್ದು ಹೊಸದಲ್ಲ, ಆದರೆ ಅದರ ಹಿಂದಿನ ಲೆಕ್ಕ ಯಾರೂ ಕೇಳಿರುವುದಿಲ್ಲ. ಒಂದು ವಿಷಯ ಸರಿಯಾಗಿ ಹಿಡಿದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಕಾಲಿನ ಬ್ರೇಕ್ ಹಿಡಿಯುವುದು ಗಾಳಿಯಿಂದ. ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಸ್ಪ್ರಿಂಗ್‌ನಿಂದ, ಅದನ್ನು ಬಿಡಿಸಿ ಇಟ್ಟಿರುವುದು ಗಾಳಿ. ಅಂದರೆ ಗಾಳಿ ಖಾಲಿಯಾದರೆ ಗಾಡಿ ಓಡಿಹೋಗುವುದಿಲ್ಲ, ಸ್ಪ್ರಿಂಗ್ ತಾನಾಗಿ ಬಂದು ಚಕ್ರ ಹಿಡಿದುಕೊಳ್ಳುತ್ತದೆ. ಇದು ಅರ್ಥವಾದ ಮೇಲೆ ಅಂಕಿಗಳು ಬಾಯಿಪಾಠ ಅನ್ನಿಸುವುದಿಲ್ಲ. ಒತ್ತಡ ಇಳಿಯುತ್ತಾ ಹೋದರೆ 55 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮುಟ್ಟುವುದರೊಳಗೆ ಎಚ್ಚರಿಕೆಯ ದೀಪ ಅಥವಾ ಬಜರ್ ಬಂದಿರಬೇಕು, ಯಾಕೆಂದರೆ ಅದಕ್ಕೂ ಕೆಳಗೆ ಹೋಗಿ 45ರಿಂದ 20ರ ನಡುವೆ ಸ್ಪ್ರಿಂಗ್ ಬ್ರೇಕ್ ತಾನೇ ಬಂದು ಬೀಳುತ್ತದೆ. ಹೈವೇ ಮಧ್ಯದಲ್ಲಿ ಅದು ಬೀಳುವ ಮುಂಚೆ ನಿಮಗೆ ಪಕ್ಕಕ್ಕೆ ಹೋಗಲು ಸಮಯ ಬೇಕಲ್ಲ, ಅದಕ್ಕೆ. ಹಾಗೆಯೇ ಸೋರಿಕೆಯ ಲೆಕ್ಕ: ಇಂಜಿನ್ ಆರಿಸಿ, ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ನಿಮಿಷಕ್ಕೆ ಒಂಟಿ ಲಾರಿಗೆ 3 ಪಿಎಸ್‌ಐ, ಟ್ರೇಲರ್ ಇದ್ದರೆ 4, ಎರಡು ಟ್ರೇಲರ್ ಇದ್ದರೆ 6ಕ್ಕಿಂತ ಜಾಸ್ತಿ ಇಳಿಯಬಾರದು. ಪೈಪು ಉದ್ದವಾದಷ್ಟೂ, ಜೋಡಣೆ ಹೆಚ್ಚಾದಷ್ಟೂ ರಿಯಾಯಿತಿ ಜಾಸ್ತಿ, ಅಷ್ಟೇ.

ಇದರ ಜೊತೆಗೆ ದಿನದ ತಪಾಸಣೆ. ಹ್ಯಾಂಡ್‌ಬುಕ್ಕಿನಲ್ಲಿ ಶೆಡ್ಯೂಲ್ 1 ಎಂಬ ಪಟ್ಟಿ ಇದೆ. ಇಡೀ ಪುಸ್ತಕದಲ್ಲಿ ನಾನು ಹೊಸಬರಿಗೆ ಎರಡೆರಡು ಸಲ ಓದಿ ಅನ್ನುವುದು ಇದೊಂದನ್ನೇ. ಪ್ರತಿ ದೋಷವನ್ನೂ ಅದರಲ್ಲಿ ಮೈನರ್, ಮೇಜರ್ ಎಂದು ಎರಡು ಭಾಗ ಮಾಡಿದ್ದಾರೆ. ಮೈನರ್ ಆದರೆ ಬರೆದುಕೊಂಡು, ಕಂಪನಿಗೆ ತಿಳಿಸಿ ಓಡಿಸಬಹುದು. ಮೇಜರ್ ಆದರೆ ಗಾಡಿ ಕದಲಿಸುವಂತಿಲ್ಲ. ಕಿವಿಗೆ ಕೇಳುವಷ್ಟು ಗಾಳಿ ಸೋರುತ್ತಿದ್ದರೆ ಮೈನರ್. ಅದೇ ಸೋರಿಕೆ ಮೇಲೆ ಹೇಳಿದ ಮಿತಿ ದಾಟಿದರೆ ಮೇಜರ್. ಹಿಂದಿನ ಎರಡೂ ಬ್ರೇಕ್ ಲೈಟ್ ಹೋಗಿದ್ದರೆ ಮೇಜರ್. "ಒಂದೇ ಒಂದು ಟ್ರಿಪ್, ಬಂದು ಮಾಡಿಸೋಣ" ಅನ್ನುವ ನಮ್ಮ ಲಾರಿ ಸ್ಟ್ಯಾಂಡ್ ಮಾತು ಇಲ್ಲಿ ಮರೆತುಬಿಡಿ. ಆ ತಪಾಸಣಾ ವರದಿಗೆ 24 ಗಂಟೆ ಬೆಲೆ. ರಸ್ತೆಯಲ್ಲಿ ನಿಲ್ಲಿಸಿದ ಅಧಿಕಾರಿ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಈ ಪಟ್ಟಿಯನ್ನು ಕಣ್ಣಲ್ಲಿ ಓದಿ ಮುಗಿಸಬೇಡಿ. ಗಾಡಿಯ ಸುತ್ತ ಒಂದು ಸುತ್ತು ಬರುತ್ತಾ, ಕೈಯಿಟ್ಟು ತೋರಿಸುತ್ತಾ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ. ರೋಡ್ ಟೆಸ್ಟಿನ ದಿನ ಎಕ್ಸಾಮಿನರ್ ಮುಂದೆ ಮಾಡಬೇಕಾದದ್ದು ಅದೇ. ನಮ್ಮವರಿಗೆ ವಿಷಯ ಗೊತ್ತಿರುತ್ತದೆ, ಬಾಯಿ ಬಿಡಲು ಸಂಕೋಚ. ಗಾಡಿ ಇಲ್ಲದ ದಿನ ಮನೆಯಲ್ಲಿ ಡೈನಿಂಗ್ ಟೇಬಲ್ ಸುತ್ತಿದರೂ ನಡೆಯುತ್ತದೆ. ಹೆಂಡತಿ ಮಕ್ಕಳು ನಗುತ್ತಾರೆ, ನಗಲಿ. ಗಡಿ ದಾಟಿ ಅಮೆರಿಕಕ್ಕೆ ಓಡಿಸುವ ಆಸೆ ಇದ್ದರಂತೂ ಇಂಗ್ಲಿಷ್ ಬಿಡುವಂತಿಲ್ಲ: 2025ರ ಜೂನ್ 25ರಿಂದ ಅಲ್ಲಿ ರಸ್ತೆ ತಪಾಸಣೆಯಲ್ಲಿ ಇಂಗ್ಲಿಷ್ ಬಾರದ ಚಾಲಕನನ್ನು ಅಲ್ಲೇ ಗಾಡಿಯಿಂದ ಇಳಿಸುತ್ತಾರೆ.

ತರಬೇತಿ ಕಡ್ಡಾಯ. 2017ರ ಜುಲೈ 1ರಿಂದ ಒಂಟಾರಿಯೊದಲ್ಲಿ 'ಎ' ದರ್ಜೆಯ ರೋಡ್ ಟೆಸ್ಟಿಗೆ ಮುಂಚೆ ಕನಿಷ್ಠ 103.5 ಗಂಟೆಯ ಕೋರ್ಸ್ ಮುಗಿಸಿರಬೇಕು. ಇದಕ್ಕೆ ಮೆಲ್ಟ್ ಅನ್ನುತ್ತಾರೆ, ಖರ್ಚು ಸಾವಿರಾರು ಡಾಲರ್. ಸಸ್ಕಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾದಲ್ಲಿ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಹಿಂದಿನ ವರ್ಷ, 2018ರ ಏಪ್ರಿಲ್ 6ರಂದು, ಸಸ್ಕಾಚೆವಾನ್‌ನಲ್ಲಿ ಸ್ಟಾಪ್ ಚಿಹ್ನೆ ದಾಟಿ ಬಂದ ಟ್ರಕ್ಕಿಗೆ ಹಂಬೋಲ್ಟ್ ಊರಿನ ಹಾಕಿ ಹುಡುಗರ ಬಸ್ ಡಿಕ್ಕಿ ಹೊಡೆದು 16 ಜನ ಹೋದರು. ಟ್ರಕ್ ಚಾಲಕ ಕೆಲಸಕ್ಕೆ ಹೊಸಬ, ಸಿಕ್ಕಿದ್ದ ತರಬೇತಿ ಎರಡು ವಾರದ್ದು. ಆದ್ದರಿಂದ "ಗಂಟೆ ಲೆಕ್ಕ ನಾವು ಬರೆದುಕೊಳ್ಳುತ್ತೇವೆ, ನೀನು ಸಹಿ ಹಾಕು" ಅನ್ನುವ ಸ್ಕೂಲ್ ಸಿಕ್ಕರೆ ಎದ್ದು ಬನ್ನಿ. ಅಂಥವು ಇವೆ, ಅಗ್ಗವಾಗಿಯೂ ಇರುತ್ತವೆ.

ಸ್ಕೂಲ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು: ಪ್ರಾಂತ್ಯದಲ್ಲಿ ನೋಂದಾಯಿತ ಕಾಲೇಜೇ? ಒಂದು ಗಾಡಿಗೆ ಎಷ್ಟು ಜನ ವಿದ್ಯಾರ್ಥಿಗಳು? ಟೆಸ್ಟಿಗೆ ಕೊಡುವ ಗಾಡಿ ಕಲಿಸಿದ ಗಾಡಿಯೇ? ಬ್ರಾಂಪ್ಟನ್ ಸುತ್ತಮುತ್ತ ಪಾಠ ಪಂಜಾಬಿಯಲ್ಲೇ ನಡೆದುಬಿಡುವುದೂ ಉಂಟು. ಪಂಜಾಬಿ ಗುರುಗಳು ಕೆಲಸ ಬಲ್ಲವರು, ಕೈಹಿಡಿದು ಕಲಿಸುವವರು; ನನಗೂ ಅವರಿಂದಲೇ ಬಂದ ವಿದ್ಯೆ. ಆದರೆ ನಿಮಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆಯೇ ಎಂದು ಸೇರುವ ಮುಂಚೆ ಕೇಳಿಕೊಳ್ಳಿ. ಗೇರಿನ ವಿಷಯವೂ ಆಗಲೇ ಇತ್ಯರ್ಥ ಆಗಲಿ: 2022ರ ಜುಲೈ 1ರಿಂದ ಆಟೊಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ಟವರಿಗೆ ಮ್ಯಾನುಯಲ್ ಟ್ರೇಲರ್ ಗಾಡಿ ಓಡಿಸಲು ಅವಕಾಶವಿಲ್ಲ. ದೊಡ್ಡ ಕಂಪನಿಗಳ ಗಾಡಿಗಳು ಬಹುತೇಕ ಆಟೊಮ್ಯಾಟಿಕ್, ಆದರೂ ಮ್ಯಾನುಯಲ್ ಕಲಿತಿದ್ದರೆ ಎರಡೂ ಬಾಗಿಲು ತೆರೆದಿರುತ್ತದೆ. ನನ್ನ ಓಟು ಮ್ಯಾನುಯಲ್‌ಗೆ.

ಯಾರ್ಡಿನಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು ರಿವರ್ಸ್. ಸ್ಟಿಯರಿಂಗ್ ಮೇಲ್ಭಾಗ ಹಿಡಿದರೆ ಟ್ರೇಲರ್ ನೀವು ತಿರುಗಿಸಿದ ಎದುರು ದಿಕ್ಕಿಗೆ ಹೋಗಿ ತಲೆ ಕೆಡಿಸುತ್ತದೆ. ಕೈಯನ್ನು ಚಕ್ರದ ಕೆಳಭಾಗದಲ್ಲಿಡಿ; ಕೈ ಯಾವ ಕಡೆ ಸರಿಯುತ್ತದೋ ಟ್ರೇಲರಿನ ಹಿಂಭಾಗ ಆ ಕಡೆಗೇ ಹೋಗುತ್ತದೆ. ಸ್ವಲ್ಪವೇ ತಿರುಗಿಸಿ, ಕಾದು ನೋಡಿ, ಅನುಮಾನ ಬಂದರೆ ಇಳಿದು ನೋಡಿ. ಇನ್ನೊಂದು ಟ್ರೇಲರ್ ಜೋಡಿಸುವುದು. 'ಕ್ಲಿಕ್' ಅಂದಿತು, ಮುಂದಕ್ಕೆ ಎಳೆದರೆ ಬಿಗಿ ಇತ್ತು ಅಂದಮಾತ್ರಕ್ಕೆ ಮುಗಿಯಲಿಲ್ಲ. ಟಾರ್ಚ್ ಹಿಡಿದು ಟ್ರೇಲರಿನ ಕೆಳಗೆ ಬಗ್ಗಿ: ಫಿಫ್ತ್ ವೀಲ್ (ಟ್ರಕ್ಕಿನ ಹಿಂದೆ ಟ್ರೇಲರ್ ಕೂರುವ ಜೋಡಣೆ) ಮೇಲೆ ಟ್ರೇಲರಿನ ತಟ್ಟೆ ಸಂದಿಲ್ಲದೆ ಕೂತಿದೆಯೇ, ಒಳಗಿನ ದವಡೆ ಟ್ರೇಲರಿನ ಅಡಿಯ ಗೂಟವಾದ ಕಿಂಗ್‌ಪಿನ್ನನ್ನು ಹಿಂದಿನಿಂದ ಪೂರ್ತಿ ಸುತ್ತಿ ಹಿಡಿದಿದೆಯೇ, ಹಿಡಿಕೆ ಒಳಕ್ಕೆ ಹೋಗಿ ಲಾಕ್ ಆಗಿದೆಯೇ, ಮೂರನ್ನೂ ಕಣ್ಣಾರೆ ನೋಡಿ, ನೋಡಿದ್ದನ್ನು ಬಾಯಲ್ಲಿ ಹೇಳಿ. ಬಗ್ಗಿ ನೋಡದವನನ್ನು ಎಕ್ಸಾಮಿನರ್ ಗಮನಿಸದೆ ಬಿಡುವುದಿಲ್ಲ.

ಪಾಸಾದ ಮೇಲೆ ಕೆಲಸ ತಕ್ಷಣ ಸಿಗುತ್ತದೆ ಅನ್ನುವ ಮಾತು ಪೂರ್ತಿ ನಂಬಬೇಡಿ. ಇನ್ಶೂರೆನ್ಸ್ ಕಂಪನಿಗಳು ಅನುಭವ ಕೇಳುವುದರಿಂದ ಹೊಸಬರನ್ನು ತೆಗೆದುಕೊಳ್ಳುವ ಕಂಪನಿಗಳು ಕಡಿಮೆ. ಮೊದಲ ಕೆಲವು ತಿಂಗಳು ಹಳೆಯ ಡ್ರೈವರ್ ಜೊತೆ ಕೂರಿಸಿ ಕಲಿಸುವ ಕಡೆ ಸಂಬಳ ಸ್ವಲ್ಪ ಕಡಿಮೆಯಾದರೂ ಸೇರಿ. ಅಮೆರಿಕದ ಲೈನ್ ಬೇಕೆಂದರೆ, ಪಿಆರ್ (ಕೆನಡಾದ ಕಾಯಂ ವಾಸದ ಹಕ್ಕು) ಇದ್ದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿನ ವೀಸಾ ಬೇಕು. ಸೇರುವ ದಿನವೇ ಟಿ-4, ಅಂದರೆ ಸಂಬಳದ ನೌಕರನಿಗೆ ಕೊಡುವ ತೆರಿಗೆ ಚೀಟಿ, ಕೊಡುತ್ತೀರಾ ಎಂದು ಕೇಳಿ. "ನಿನ್ನ ಹೆಸರಲ್ಲಿ ಒಂದು ಕಂಪನಿ ತೆರೆ, ಪೂರ್ತಿ ದುಡ್ಡು ಅದಕ್ಕೇ ಹಾಕುತ್ತೇವೆ" ಅನ್ನುವವರು ಇಲ್ಲಿ ಬೇಕಾದಷ್ಟು ಜನ. ಇದಕ್ಕೆ 'ಡ್ರೈವರ್ ಇಂಕ್' ಅಂತ ಹೆಸರೇ ಬಿದ್ದಿದೆ. ಗಾಡಿ ಅವರದು, ಹೊತ್ತು ಗೊತ್ತು ಅವರದು, ತೆರಿಗೆಯ ತಲೆನೋವು ಮಾತ್ರ ನಿಮ್ಮದು. ಪೆಟ್ಟಾದರೆ ಪರಿಹಾರವಿಲ್ಲ, ರಜೆಯ ಸಂಬಳವಿಲ್ಲ. ಕೈಗೆ ಬರುವ ಮೊತ್ತ ದೊಡ್ಡದಾಗಿ ಕಂಡರೂ ಒಬ್ಬ ಅಕೌಂಟೆಂಟ್ ಹತ್ತಿರ ಲೆಕ್ಕ ಹಾಕಿಸದೆ ಒಪ್ಪಿಕೊಳ್ಳಬೇಡಿ.